ಸಂಬಳ ಜಾಸ್ತಿ ಬೇಡ ಅನ್ನುವವರಿಗೆ ಒಂದು ಲೆಕ್ಕ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಾಲಸ್ ಸುತ್ತಮುತ್ತಲಿನವರಿಗೆ ಟ್ಯಾಕ್ಸ್ ಫೈಲ್ ಮಾಡಿಕೊಡುವುದು ನನ್ನ ಕಸುಬು. ಜನವರಿ ಕೊನೆಯಿಂದ ಏಪ್ರಿಲ್ 15ರ ತನಕ ಊಟ, ನಿದ್ದೆ ಯಾವುದೂ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. ಅದನ್ನು ಹೇಗೋ ಸಹಿಸಿಕೊಳ್ಳಬಹುದು. ಸಹಿಸೋಕೆ ಆಗದೇ ಇರುವುದು ಒಂದೇ ಮಾತು: "ಸಂಬಳ ಜಾಸ್ತಿ ಮಾಡ್ತೀವಿ ಅಂದ್ರು ಸಾರ್, ನಾನೇ ಬೇಡ ಅಂದೆ. ಫುಡ್ ಸ್ಟ್ಯಾಂಪ್ ಹೋಗಿಬಿಡುತ್ತಲ್ವಾ?" ಫುಡ್ ಸ್ಟ್ಯಾಂಪ್ ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ದಿನಸಿ ನೆರವು.

ಅಮೆರಿಕದ ಕನ್ನಡಿಗರೆಂದರೆ ಎಲ್ಲರೂ ಸಾಫ್ಟ್‌ವೇರ್ ಅಂದುಕೊಂಡವರಿಗೆ ಇದು ವಿಚಿತ್ರ ಅನಿಸಬಹುದು. ಅಣ್ಣನೋ ಅಕ್ಕನೋ ಇಲ್ಲಿ ಸಿಟಿಜನ್ ಆಗಿ, ಅರ್ಜಿ ಹಾಕಿ, ಹತ್ತು ಹದಿನೈದು ವರ್ಷ ಕಾದು, ನಲವತ್ತು ದಾಟಿದ ಮೇಲೆ ಗ್ರೀನ್ ಕಾರ್ಡಿನಲ್ಲಿ ಬಂದವರೂ ಇದ್ದಾರೆ. ಊರಲ್ಲಿ ಬಿ.ಎಡ್. ಮಾಡಿ ಪಾಠ ಹೇಳುತ್ತಿದ್ದವರು ಇಲ್ಲಿ ದೊಡ್ಡ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತಿರುತ್ತಾರೆ. ಗಂಡ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ. ಇಬ್ಬರು ಮಕ್ಕಳು. ಇಂಥ ಮನೆಗೆ ಸರ್ಕಾರದ ಇಬಿಟಿ ಕಾರ್ಡಿಗೆ ತಿಂಗಳು ತಿಂಗಳು ಬೀಳುವ ಈ ದಿನಸಿ ಹಣ ಸಣ್ಣದೇನಲ್ಲ. ಎಷ್ಟೋ ಇಂಡಿಯನ್ ಅಂಗಡಿಗಳಲ್ಲೂ ಆ ಕಾರ್ಡ್ ಉಜ್ಜಬಹುದು. ಸೋನಾ ಮಸೂರಿಗೆ ನಡೆಯುತ್ತದೆ, ಊದುಬತ್ತಿಗೆ ನಡೆಯುವುದಿಲ್ಲ. ಫ್ರೀಜರಿನ ಸಮೋಸಕ್ಕೆ ನಡೆಯುತ್ತದೆ, ಅದನ್ನೇ ಬಿಸಿಬಿಸಿಯಾಗಿ ಮಾರಿದರೆ ನಡೆಯುವುದಿಲ್ಲ. ಯಾಕೆ ಅಂತ ನನ್ನ ಕೇಳಬೇಡಿ, ಕಾನೂನು ಹಾಗಿದೆ.

ಈ ಭಯ ಎಲ್ಲಿಂದ ಬಂತು ಅನ್ನುವುದೂ ನನಗೆ ಗೊತ್ತು. ನಮ್ಮ ಕಡೆ ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.2 ಲಕ್ಷ ಆದಾಯದ ಮಿತಿ. ದಾಟಿದ್ದು ಗೊತ್ತಾದರೆ ಕಾರ್ಡೇ ರದ್ದು. ಇದ್ದರೆ ಪೂರ್ತಿ, ಹೋದರೆ ಪೂರ್ತಿ. ಅದೇ ಲೆಕ್ಕವನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಇಲ್ಲಿಗೂ ತಂದಿದ್ದೇವೆ. ಇಲ್ಲಿ ನೆರವು ಹಾಗೆ ಒಂದೇ ಏಟಿಗೆ ಹೋಗುವುದಿಲ್ಲ, ಸಂಬಳ ಏರಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಅದಕ್ಕೇ ಇವತ್ತು ನಿಧಾನವಾಗಿ ಬಿಡಿಸುತ್ತೇನೆ. ಪೆನ್ನು ತಗೊಳ್ಳಿ.

ಮೇಲೆ ಹೇಳಿದಂಥ ಮನೆ. ಗಂಡ ಹೆಂಡತಿ ಸೇರಿ ವರ್ಷಕ್ಕೆ 38,000 ಡಾಲರ್ ದುಡಿಯುತ್ತಾರೆ ಅಂತಿಟ್ಟುಕೊಳ್ಳಿ. ಈಗ 100 ಡಾಲರ್ ಜಾಸ್ತಿ ಬಂತು. ಮೊದಲು ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಅಂತ 7.65 ಡಾಲರ್ ಹೋಯಿತು. ಆಮೇಲೆ ಫುಡ್ ಸ್ಟ್ಯಾಂಪ್, ಅಂದರೆ ಸ್ನ್ಯಾಪ್. ಅವರು ನಿಮ್ಮ ದುಡಿಮೆಯಲ್ಲಿ 20% ಅನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಳಿದ 80ರ ಮೇಲೆ ಡಾಲರಿಗೆ 30 ಸೆಂಟ್ ಕಡಿಮೆ ಮಾಡುತ್ತಾರೆ. ಅಲ್ಲಿಗೆ 24 ಡಾಲರ್. ಮೂರನೆಯದು ಇಐಟಿಸಿ. ಕಡಿಮೆ ಸಂಬಳದ ದುಡಿಯುವವರಿಗೆ ಟ್ಯಾಕ್ಸ್ ರಿಟರ್ನ್ ಮೂಲಕ ಕೈಗೆ ಬರುವ ಹಣ ಅದು, 1975ರಿಂದ ಇದೆ. ಇಬ್ಬರು ಮಕ್ಕಳಿದ್ದರೆ ಈ ಆದಾಯದಲ್ಲಿ ಅದು 100ಕ್ಕೆ ಸುಮಾರು 21 ಇಳಿಯುತ್ತದೆ. ಕೂಡಿಸಿ. 53ರ ಹತ್ತಿರ ಹೋಯಿತು, 47 ಉಳಿಯಿತು. ಕೆಲವರಿಗೆ ಮನೆ ಬಾಡಿಗೆಯ ವಿನಾಯಿತಿ ಲೆಕ್ಕದಲ್ಲಿ ಆ 24 ಅನ್ನುವುದು 36ರ ತನಕ ಹೋಗಬಹುದು. ಆಗಲೂ 35 ಉಳಿಯುತ್ತದೆ. ಟೆಕ್ಸಾಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ. ಫೆಡರಲ್, ಅಂದರೆ ಕೇಂದ್ರದ ಟ್ಯಾಕ್ಸ್ ಇಂಥ ಮನೆಗಳಲ್ಲಿ ಮಕ್ಕಳಿಗಾಗಿ ಸಿಗುವ ತೆರಿಗೆ ಕ್ರೆಡಿಟ್ಟಿನಲ್ಲಿ ಸಾಮಾನ್ಯವಾಗಿ ವಜಾ ಆಗುತ್ತದೆ.

ನೂರು ದುಡಿದು 47 ಕೈಗೆ ಬರುವುದು ನ್ಯಾಯವಾ? ಅಲ್ಲ ಅಂತಲೇ ನನ್ನ ಅಭಿಪ್ರಾಯ. ಟೆಕ್ಸಾಸ್‌ನ ಕೋಟ್ಯಧೀಶರ ಮೇಲೂ ಇಷ್ಟು ದರ ಬೀಳುವುದಿಲ್ಲ. ಆದರೆ 47 ಸೊನ್ನೆಯಲ್ಲ, ನಷ್ಟವಂತೂ ಅಲ್ಲವೇ ಅಲ್ಲ. ಗಂಟೆಗೆ ಒಂದು ಡಾಲರ್ ಜಾಸ್ತಿ, ವಾರಕ್ಕೆ 30 ಗಂಟೆ ಅಂದರೆ ವರ್ಷಕ್ಕೆ 1,560 ಡಾಲರ್. ಎಲ್ಲ ಕಳೆದರೂ 550ರಿಂದ 730 ಡಾಲರ್ ನಿಮ್ಮದು. ಅದನ್ನು ಸುಮ್ನೆ ಮ್ಯಾನೇಜರಿಗೆ ವಾಪಸ್ ಕೊಟ್ಟು ಬರುತ್ತೀರಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಹಾಗಂತ ಒಂದೇ ಸಲ ನಿಂತುಹೋಗುವ ಜಾಗ ಇಲ್ಲವೇ ಇಲ್ಲ ಅಂತಲ್ಲ. ಟೆಕ್ಸಾಸ್‌ನಲ್ಲಿ ಸ್ನ್ಯಾಪ್ ಮಿತಿ ಬಡತನ ರೇಖೆಯ 165%. ನಾಲ್ಕು ಜನರ ಮನೆಗೆ 2025ರ ರೇಖೆಯ ಪ್ರಕಾರ ತಿಂಗಳಿಗೆ ಸುಮಾರು 4,400 ಡಾಲರ್. ಅದನ್ನು ದಾಟಿದರೆ ಪೂರ್ತಿ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಕಾರ್ಡಿಗೆ ಬೀಳುವ ಮೊತ್ತವೂ ಸಾಮಾನ್ಯವಾಗಿ ಇಳಿದು ಇಳಿದು ಸಣ್ಣದಾಗಿರುತ್ತದೆ. ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇಡ್. ಮಕ್ಕಳಿಗೆ ಅದು ಹೋದರೆ ಚಿಪ್ ಅನ್ನುವ ಮಕ್ಕಳ ವಿಮೆ ಇದೆ, ಬಡತನ ರೇಖೆಯ 201% ತನಕ. ದೊಡ್ಡವರಿಗೆ ಟೆಕ್ಸಾಸ್ ಮೆಡಿಕೇಡ್ ವಿಸ್ತರಿಸಿಯೇ ಇಲ್ಲ, ಆದ್ದರಿಂದ ಕಳೆದುಕೊಳ್ಳುವುದಕ್ಕೆ ಹೆಚ್ಚಿನವರ ಹತ್ತಿರ ಅದು ಇರುವುದೇ ಇಲ್ಲ. ಇನ್ನೊಂದು ತಮಾಷೆ ಕೇಳಿ. ಇಲ್ಲಿ ಆದಾಯ ಬಡತನ ರೇಖೆಗಿಂತ ಕಡಿಮೆ ಇದ್ದರೆ ಸರ್ಕಾರಿ ತಾಣದಲ್ಲಿ ನಾವೇ ಕೊಳ್ಳುವ ಮಾರ್ಕೆಟ್‌ಪ್ಲೇಸ್ ವಿಮೆಗೆ ಸಹಾಯಧನವೂ ಸಿಗುವುದಿಲ್ಲ, ದಾಟಿದರೆ ಸಿಗುತ್ತದೆ. ಅಂದರೆ ಕೆಲವರಿಗೆ ಸಂಬಳ ಏರಿದರೇ ನೆರವು ಶುರು. ಬಾಡಿಗೆ ವೋಚರ್, ಶಿಶುವಿಹಾರದ ನೆರವು ಪಡೆಯುವವರ ಲೆಕ್ಕ ಬೇರೆ. ರಾಜ್ಯ ಬದಲಾದರೂ ಲೆಕ್ಕ ಬದಲಾಗುತ್ತದೆ. ನಿಮ್ಮ ಕಾಗದಪತ್ರ ನೋಡದೆ ನಾನು ಯಾರಿಗೂ ಖಚಿತವಾಗಿ ಹೇಳುವುದಿಲ್ಲ. ನೀವೂ ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬೇಡಿ.

ನನ್ನ ಹತ್ತಿರ ಬರುವ ಇನ್ನೊಂದು ಗುಂಪು ಇದೆ, ಸಾಫ್ಟ್‌ವೇರಿನವರು. "ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಕೆಲಸ ಮಾಡದೆ ಕೂತು ತಿಂತಾರೆ" ಅನ್ನುತ್ತಾರೆ. ಎಲ್ಲಿ ಕೂತಿದ್ದಾರೆ ಸ್ವಾಮಿ? ಸೆನೆಟರ್ ಬರ್ನಿ ಸ್ಯಾಂಡರ್ಸ್ ಕೇಳಿದ್ದಕ್ಕೆ ಸಂಸತ್ತಿನ ಲೆಕ್ಕ ತಪಾಸಣೆ ಸಂಸ್ಥೆ 2020ರಲ್ಲಿ ಕೆಲವು ರಾಜ್ಯಗಳ ದಾಖಲೆ ಪರಿಶೀಲಿಸಿತು. ಸ್ನ್ಯಾಪ್, ಮೆಡಿಕೇಡ್ ಪಡೆಯುತ್ತಾ ಸಂಬಳಕ್ಕೆ ದುಡಿಯುವ ವಯಸ್ಕರಲ್ಲಿ ಸುಮಾರು 70% ಜನ ವಾರಕ್ಕೆ 35 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವವರು. ಅವರಿಗೆ ಕೆಲಸ ಕೊಟ್ಟವರ ಪಟ್ಟಿಯಲ್ಲಿ ಮೇಲೆ ಇದ್ದದ್ದು ವಾಲ್‌ಮಾರ್ಟ್, ಮೆಕ್‌ಡೊನಾಲ್ಡ್ಸ್‌ನಂಥ ಹೆಸರುಗಳು.

ಹಾಗಾದರೆ ಈ ನೆರವು ಕಂಪನಿಗೆ ಕೊಟ್ಟ ಸಬ್ಸಿಡಿಯಾ? ಇಲ್ಲಿ ನಾನು ಸ್ವಲ್ಪ ಹುಷಾರಾಗಿ ಮಾತಾಡುತ್ತೇನೆ. ಇಐಟಿಸಿ ಸಿಗುವುದು ದುಡಿದವರಿಗೆ ಮಾತ್ರ. ಅದರಿಂದ ಕಡಿಮೆ ಸಂಬಳಕ್ಕೂ ಜನ ಸಿಗುತ್ತಾರೆ, ಒಂದು ಪಾಲು ಮಾಲೀಕನ ಜೇಬಿಗೆ ಹೋಗುತ್ತದೆ ಅಂತ ಅರ್ಥಶಾಸ್ತ್ರಜ್ಞರು ಹೇಳುವುದರಲ್ಲಿ ಹುರುಳಿದೆ. ಸ್ನ್ಯಾಪ್ ಹಾಗಲ್ಲ, ಕೆಲಸ ಹೋದರೆ ಅದರ ಮೊತ್ತ ಏರುತ್ತದೆ. ಆದ್ದರಿಂದ ಅದನ್ನು ನೇರವಾಗಿ ಕಂಪನಿಯ ಲೆಕ್ಕಕ್ಕೆ ಬರೆಯುವುದು ಕಷ್ಟ. 2018ರಲ್ಲಿ ಸ್ಯಾಂಡರ್ಸ್, ಕಾರ್ಮಿಕರು ಪಡೆದ ನೆರವಿನಷ್ಟೇ ತೆರಿಗೆಯನ್ನು ದೊಡ್ಡ ಕಂಪನಿಗಳ ಮೇಲೆ ಹಾಕುವ ಮಸೂದೆ ತಂದರು. ಅದು ಪಾಸಾಗಿದ್ದರೆ ಮಕ್ಕಳಿರುವ ಒಂಟಿ ಹೆಂಗಸರಿಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಆದರೆ ಮುಂದಿನ ತಿಂಗಳೇ ಅಮೆಜಾನ್ ಗಂಟೆಗೆ 15 ಡಾಲರ್ ಘೋಷಿಸಿತು. ಕೇಂದ್ರದ ಕನಿಷ್ಠ ವೇತನ ಮಾತ್ರ 2009ರಿಂದ 7.25ರಲ್ಲೇ ಇದೆ.

ನನ್ನ ಅನುಭವದಲ್ಲಿ ಈ ಮನೆಗಳನ್ನು ಹಣ್ಣು ಮಾಡುವುದು ಗಂಟೆಯ ದರಕ್ಕಿಂತ ಜಾಸ್ತಿ ಗಂಟೆಗಳ ಸಂಖ್ಯೆ. ವಾರಕ್ಕೆ ಸರಾಸರಿ 30 ಗಂಟೆ ಮುಟ್ಟಿದರೆ ದೊಡ್ಡ ಕಂಪನಿ ಆರೋಗ್ಯ ವಿಮೆ ಕೊಡಬೇಕಾಗುತ್ತದೆ. ಅದಕ್ಕೇ ಎಷ್ಟೋ ಪೇ ಸ್ಲಿಪ್‌ಗಳಲ್ಲಿ 28, 29 ಅಂತಲೇ ನೋಡುತ್ತೇನೆ. 2025ರ ಜುಲೈ ಕಾನೂನಿನ ನಂತರ, 14ಕ್ಕಿಂತ ಚಿಕ್ಕ ಮಕ್ಕಳಿಲ್ಲದ ದೊಡ್ಡವರು 64 ವರ್ಷದ ತನಕ ತಿಂಗಳಿಗೆ 80 ಗಂಟೆ ಕೆಲಸ ತೋರಿಸದಿದ್ದರೆ ಸ್ನ್ಯಾಪ್‌ಗೇ ಕುತ್ತು. ಅಂಗಡಿಯವನು ಗಂಟೆ ಕತ್ತರಿಸಿದರೂ ಪೆಟ್ಟು ಬೀಳುವುದು ನಿಮಗೇ.

ಈ ವರ್ಷ ಬಂದವರಲ್ಲಿ ಹಾಸನದ ಕಡೆಯ ಒಬ್ಬರು ಇದ್ದರು. "ಅಣ್ಣ, ಡಿಪಾರ್ಟ್‌ಮೆಂಟ್ ಲೀಡ್ ಆಗು, ಒಂದು ಡಾಲರ್ ಜಾಸ್ತಿ ಅಂತಿದ್ದಾರೆ. ಬೇಡ ಅಂದುಬಿಡ್ಲಾ?" ಅಂದರು. ಮೇಲಿನ ಲೆಕ್ಕವನ್ನೇ ಹಾಕಿ ತೋರಿಸಿದೆ. ಡಾಲರಿನ ಜೊತೆಗೆ ವಾರಕ್ಕೆ 32 ಗಂಟೆಯನ್ನೂ ಬರೆದು ಕೊಡಿ ಅಂತ ಕೇಳಿ ಅಂದೆ. ಕೇಳಿದ್ದಾರೆ, ಪಾಪ. "ಬರೆದು ಕೊಡೋಕೆ ಆಗಲ್ಲ" ಅಂದನಂತೆ ಮ್ಯಾನೇಜರ್. ಆದರೂ ಕೆಲಸ ಒಪ್ಪಿಕೊಂಡರು. ಈಗ ಒಂದು ವಾರ 27 ಗಂಟೆ, ಇನ್ನೊಂದು ವಾರ 36. ಮುಂದಿನ ತಿಂಗಳು ಅವರ ಸ್ನ್ಯಾಪ್ ನವೀಕರಣ ಇದೆ. ಆ 36 ಗಂಟೆಯ ವಾರವನ್ನೇ ಹಿಡಿದು ಲೆಕ್ಕ ಹಾಕಿದರೆ ಮೊತ್ತ ತಪ್ಪುತ್ತದೆ. ಅದಕ್ಕೆ ಎರಡು ತಿಂಗಳ ಅಷ್ಟೂ ಪೇ ಸ್ಲಿಪ್ ಸೇರಿಸಿಯೇ ಕಳಿಸಿ ಅಂತ ಹೇಳಿದ್ದೇನೆ.