ಜೇಕು ಹುಲ್ಲಲ್ಲ

ಕಾಲುವೆ ದಂಡೆಯ ಸಸ್ಯಸಮೀಕ್ಷೆಯ ವರದಿ ಮತ್ತೊಂದು ಬಂತು. ‘ಹುಲ್ಲುಗಳು’ ಅಂತ ತಲೆಬರಹ, ಕೆಳಗೆ ಕರಿಕೆ, ಅದರ ಬೆನ್ನಿಗೇ ಜೇಕು. ಸಿಂಧನೂರು, ಕಾರಟಗಿ ಕಡೆ ಗದ್ದೆಯಲ್ಲಿ ಕಸ ತೆಗೆಯುವವರು ಎರಡನ್ನೂ ಹುಲ್ಲು ಅಂದರೆ ತಕರಾರಿಲ್ಲ. ಮಾದರಿ ಒಣಗಿಸಿ, ಹಾಳೆಗೆ ಅಂಟಿಸಿ ಹೆಸರು ಬರೆಯುವವರು ಮಾತ್ರ ಹಾಗನ್ನಬಾರದು. ಕರಿಕೆ, ಭತ್ತ, ಜೋಳ ಪೋಯೇಸಿ ಕುಟುಂಬದವು. ಜೇಕಿನದು ಸೈಪರೇಸಿ, 5,000ಕ್ಕೂ ಹೆಚ್ಚು ಪ್ರಭೇದಗಳ ಬೇರೆಯೇ ಕುಟುಂಬ.

ಎಡವಟ್ಟಿಗೆಲ್ಲ ಕಾರಣ ‘ಹುಲ್ಲಿನ ಕಾಂಡ ಟೊಳ್ಳು, ಜೇಕಿನದು ಗಟ್ಟಿ’ ಎಂಬ ಬಾಯಿಪಾಠ. ರಾಯಚೂರಲ್ಲಿ ಕೂತು ಇದನ್ನು ಬರೆಯುವವರು ಒಂದು ಜೋಳದ ದಂಟು ಮುರಿದು ನೋಡಬಾರದೇ? ಒಳಗೆಲ್ಲ ಬೆಂಡು. ಆದರೂ ಜೋಳ ಹುಲ್ಲಿನ ಜಾತಿಯೇ. ನೋಡಬೇಕಾದ್ದು ಗೆಣ್ಣು. ಹುಲ್ಲಿನ ಕಾಂಡದಲ್ಲಿ ಅದು ಉಬ್ಬಿ ಕಾಣುತ್ತದೆ. ಜೇಕಿನ ಹೂದಂಟು ಬುಡದಿಂದ ತೆನೆಯವರೆಗೆ ನುಣ್ಣಗೆ, ಒಂದೂ ಗೆಣ್ಣಿಲ್ಲ. ಬೆರಳ ನಡುವೆ ಹೊರಳಿಸಿದರೆ ಮೂರು ಏಣು ತಾಗುತ್ತವೆ. ಎಲೆಗಳೂ ಮೂರು ಸಾಲಿನಲ್ಲಿ. ಹುಲ್ಲಿಗೆ ಎರಡೇ ಸಾಲು. ಮೂರು ಏಣನ್ನೇ ಪೂರ್ತಿ ನಂಬುವಂತಿಲ್ಲ, ಅದೇ ಕುಟುಂಬದ ಎಲಿಯೋಕ್ಯಾರಿಸ್ ಎಂಬ ಕುಲದಲ್ಲಿ ಹಲವು ಗಿಡಗಳ ದಂಟು ದುಂಡಗಿರುತ್ತದೆ.

ಇನ್ನು ಕೆಲವರು ಎಲೆ ಕಾಂಡಕ್ಕೆ ಕೂಡುವಲ್ಲಿನ ತೆಳು ಪರೆ, ಅಂದರೆ ಲಿಗ್ಯೂಲ್, ಕಾಣದಿದ್ದರೆ ಸಾಕು, ಜೇಕಿನ ಪಟ್ಟಿಗೆ ಸೇರಿಸಿಬಿಡುತ್ತಾರೆ. ಗದ್ದೆಯಲ್ಲಿ ಬೆಳೆಯುವ ಎಕೈನೊಕ್ಲೋವಾ ಕೊಲೋನಾ ಎಂಬ ಕಳೆಗೆ ಲಿಗ್ಯೂಲೇ ಇಲ್ಲ, ಅದು ಅಪ್ಪಟ ಹುಲ್ಲು! ಎಳೆಯದರಲ್ಲಿ ಭತ್ತದಿಂದ ಅದನ್ನು ಬೇರೆ ಮಾಡುವ ಗುರುತೇ ಇದು. ಫೆನಾಕ್ಸಾಪ್ರಾಪ್ ಎಂಬ ಕಳೆನಾಶಕ ಹೊಡೆದ ರೈತರಿಗೆ ಹುಲ್ಲು-ಜೇಕಿನ ಭೇದ ಯಾರೂ ಹೇಳಿಕೊಡಬೇಕಿಲ್ಲ: ಆ ಎಣ್ಣೆಗೆ ಹುಲ್ಲು ಸಾಯುತ್ತದೆ, ಜೇಕಿಗೆ ಏನೂ ಆಗುವುದಿಲ್ಲ.

ಸೈಪರೇಸಿ ಎಂದು ಗೊತ್ತಾದ ಮೇಲೂ ಪ್ರಭೇದ ಗುರುತಿಸಲು ಮಾಗಿದ ಕಾಯಿ ಬೇಕು. ಕಾಯಿಯ ಆಕಾರ, ಶಲಾಕೆಯ (ಹೂವಿನ ಅಂಡಾಶಯದ ಮೇಲಿನ ಎಳೆ) ತುದಿ ಎರಡು ಸೀಳೋ ಮೂರೋ ಎಂಬುದನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ನೋಡಬೇಕು. ಗಡ್ಡೆಯೂ ಬೇಕು. ಸೈಪರಸ್ ರೋಟಂಡಸ್ ಎಂಬ ಜೇಕಿನಲ್ಲಿ ಅವು ನೆಲದೊಳಗೆ ಸರದಂತೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಸೈಪರಸ್ ಎಸ್ಕ್ಯುಲೆಂಟಸ್‌ನಲ್ಲಿ ಬಳ್ಳಿಬೇರಿನ ತುದಿಗೊಂದೊಂದೇ. ಕುಡುಗೋಲಿನಿಂದ ಕೊಯ್ದು ತಂದ ಕಟ್ಟಿನಲ್ಲಿ ಗಡ್ಡೆ ಸಿಗದು. ಅಂಥ ಹಾಳೆಯ ಮೇಲೆ ‘ಸೈಪರಸ್, ಪ್ರಭೇದ ಗುರುತಿಸಿಲ್ಲ’ ಎಂದಷ್ಟೇ ಬರೆದರೆ ಸಾಕು.