ಹತ್ತು ಕಾಯಿನ್ ಇದ್ದರೂ ಬೆಳೆ ಒಂದೇ

ಚಳ್ಳಕೆರೆ ಕಡೆ ಮಳೆಗಾಲದಲ್ಲಿ ಹೋದರೆ ಶೇಂಗಾ ಹೊಲದ ನಡುನಡುವೆ ತೊಗರಿ ಸಾಲು ಕಾಣುತ್ತದೆ. ಅಕ್ಕಡಿ ಬೆಳೆ ಅಂತಾರೆ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಶೇಂಗಾ ಸೊರಗುತ್ತದೆ. ತೊಗರಿಯ ಬೇರು ಆಳಕ್ಕೆ ಇಳಿದಿರುತ್ತದೆ, ಕೊಯ್ಲೂ ತಡ. ಆಮೇಲೆ ಬಂದ ಒಂದೆರಡು ಮಳೆಗೆ ಅದು ಚೇತರಿಸಿಕೊಳ್ಳುತ್ತದೆ. ಶೇಂಗಾದಲ್ಲೇ ನಾಲ್ಕು ತಳಿ ಬಿತ್ತಿದ್ದರೆ ಈ ಆಸರೆ ಸಿಗುತ್ತಿತ್ತಾ?

ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್ ಥರದ ಡಿಜಿಟಲ್ ಕಾಯಿನ್, ಕೊಳ್ಳುವ ನಮ್ಮ ದಾವಣಗೆರೆ, ದುರ್ಗದ ಹುಡುಗರಿಗೆ ನಾನು ಕೇಳುವುದೂ ಇದನ್ನೇ. "ಒಂದರಲ್ಲೇ ಹಾಕಿಲ್ಲಣ್ಣ, ಬಿಟ್‌ಕಾಯಿನ್, ಈಥರ್, ಸೊಲಾನಾ ಎಲ್ಲಾ ಇದೆ" ಅಂತಾರೆ. 2021ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ ಸುಮಾರು 69,000 ಡಾಲರ್ ಮುಟ್ಟಿತ್ತು. ಒಂದು ವರ್ಷದಲ್ಲಿ 16,000ದ ಆಸುಪಾಸಿಗೆ ಬಂತು. ಅದೇ ಹೊತ್ತಿನಲ್ಲಿ ಈಥರ್ ಕೂಡ ಬಿತ್ತು. 250 ಡಾಲರ್ ದಾಟಿದ್ದ ಸೊಲಾನಾ 2022 ಮುಗಿಯುವಾಗ 10 ಡಾಲರ್‌ಗಿಂತ ಕೆಳಗಿತ್ತು. ಹೆಸರು ಬೇರೆ ಬೇರೆ, ಬಿದ್ದಿದ್ದು ಮಾತ್ರ ಒಟ್ಟಿಗೇ.

ಇದರ ಹಿಂದಿನ ಲೆಕ್ಕವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲೇ ಬರೆದಿಟ್ಟರು. 1990ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಎಷ್ಟು ಬಗೆಯಲ್ಲಿ ದುಡ್ಡು ಹಾಕಿದ್ದೀರಿ ಅನ್ನುವುದಕ್ಕಿಂತ, ಅವು ಎಷ್ಟರಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಅನ್ನುವುದು ಮುಖ್ಯ. ಇದನ್ನು ಅಳೆಯುವ ಅಂಕಿಯೇ ಕೋರಿಲೇಶನ್. 1 ಅಂದರೆ ಎರಡೂ ಪೂರ್ತಿ ಜೊತೆಗೇ ಸಾಗುತ್ತವೆ. 0 ಅಂದರೆ ಒಂದರ ಏರಿಳಿತಕ್ಕೂ ಇನ್ನೊಂದರದ್ದಕ್ಕೂ ನಂಟು ಕಾಣುವುದಿಲ್ಲ. ಮೈನಸ್ 1 ಅಂದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ.

ಸರಿ, ಅರ್ಧ ಕ್ರಿಪ್ಟೊ, ಅರ್ಧ ಚಿನ್ನ ಇಟ್ಟರೆ ಸಮ ಆಯಿತಲ್ವಾ? ಇಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಬಿಟ್‌ಕಾಯಿನ್‌ನ ಏರಿಳಿತ ಚಿನ್ನದ ನಾಲ್ಕು ಪಟ್ಟು ಅಂತಿಟ್ಟುಕೊಳ್ಳಿ, ಎರಡಕ್ಕೂ ನಂಟಿಲ್ಲ ಅಂತಲೂ ಇಟ್ಟುಕೊಳ್ಳಿ. ಮಾರ್ಕೊವಿಟ್ಜ್ ಲೆಕ್ಕದಲ್ಲಿ ಏರಿಳಿತದ ವರ್ಗ ತೆಗೆದುಕೊಳ್ಳಬೇಕು, ಅಂದರೆ ಅದನ್ನು ಅದರಿಂದಲೇ ಗುಣಿಸಬೇಕು. ಆಗ ನಾಲ್ಕು ಪಟ್ಟು ಹದಿನಾರು ಪಟ್ಟಾಗುತ್ತದೆ. ಒಟ್ಟು ಅಪಾಯದ 17 ಪಾಲಿನಲ್ಲಿ 16 ಪಾಲು, ಅಂದರೆ ಶೇ. 94ರಷ್ಟು, ಕ್ರಿಪ್ಟೊದಿಂದಲೇ ಬರುತ್ತದೆ. ಚಿನ್ನ ಸುಮ್ನೆ ಹೆಸರಿಗೆ ಕೂತಿರುತ್ತದೆ. ಅಪಾಯ ಸಮ ಆಗಬೇಕಾದರೆ ಕ್ರಿಪ್ಟೊ ಒಂದು ಪಾಲು, ಚಿನ್ನ ನಾಲ್ಕು ಪಾಲು ಬೇಕು. ಸಂಬಳ ನಂಬಿದ ಮನೆಗೆ ಅದೂ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ನೂರಕ್ಕೆ ಐದು ಇಟ್ಟಿದ್ದರೆ, ಅದರಲ್ಲಿ ಮುಕ್ಕಾಲು ಭಾಗ ಹೋದರೂ ಒಟ್ಟು ದುಡ್ಡಿನಲ್ಲಿ ನಾಲ್ಕು ರೂಪಾಯಿಯೂ ಕರಗುವುದಿಲ್ಲ.

ಇನ್ನೊಂದು ವಿಷಯ. ಕೋರಿಲೇಶನ್ ಒಂದೇ ಥರ ಇರುವುದಿಲ್ಲ. ಭಾರಿ ಬರ ಬಿದ್ದರೆ ತೊಗರಿಯೂ ಒಣಗುತ್ತದೆ. 2020ರ ಮಾರ್ಚ್ 12ರಂದು, ಕೋವಿಡ್ ಭಯಕ್ಕೆ, ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2,919 ಅಂಕ ಕುಸಿಯಿತು. ಅದೇ ದಿನ ಬಿಟ್‌ಕಾಯಿನ್ ಶೇ. 40ರ ಹತ್ತಿರ ಬಿತ್ತು. ಎಲ್ಲರೂ ನಗದಿಗೆ ಮುಗಿಬಿದ್ದಾಗ ಚಿನ್ನವೂ ಕೆಲವು ದಿನ ಇಳಿಯಿತು. ಮತ್ತೆ ಏರಿ ಆಗಸ್ಟ್‌ನಲ್ಲಿ ದಾಖಲೆ ಬರೆಯಿತು. ಅಂಥ ವಾರದಲ್ಲಿ ಅಲುಗದೆ ನಿಲ್ಲುವುದು ಬ್ಯಾಂಕಿನ ಎಫ್‌ಡಿ. ವಿಮೆ ಇರುವ ಬ್ಯಾಂಕಾದರೆ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬರಿಗೆ ಬಡ್ಡಿ ಸಮೇತ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಮಗಳ ಫೀಸು, ಆಸ್ಪತ್ರೆ ಖರ್ಚಿನ ದುಡ್ಡು ಅಲ್ಲೇ ಇರಲಿ.

ತೆರಿಗೆಯ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ. 30 ತೆರಿಗೆ, ಸೆಸ್ ಬೇರೆ. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಹತ್ತು ಕಾಯಿನ್ ಹಿಡಿದವರಿಗೆ ಇದೂ ಒಂದು ಹೊಡೆತ. ಹಾಗಾಗಿ ಕ್ರಿಪ್ಟೊ ಏರಿ ಪಾಲು ಹೆಚ್ಚು ಕಡಿಮೆ ಆದಾಗ ಮಾರಿ ಸರಿಮಾಡುವ ಬದಲು, ಮುಂದಿನ ತಿಂಗಳುಗಳ ಉಳಿತಾಯವನ್ನು ಚಿನ್ನಕ್ಕೋ ಎಫ್‌ಡಿಗೋ ಹಾಕುತ್ತಾ ಹೋಗಿ. ಮಾರದೆ ಇದ್ದಷ್ಟು ದಿನ ಆ ತೆರಿಗೆ ಬೀಳುವುದಿಲ್ಲ.