ಸಿಕ್ಕಿತೋ, ಅಲೆದಾಡಿಸಿತೋ?

ಜಾಲತಾಣಕ್ಕೆ ಬಂದವರು ಹತ್ತು ನಿಮಿಷ ಅಲ್ಲೇ ಇದ್ದರು ಅಂದರೆ ಖುಷಿಪಡಬೇಕಾ? ಕೂತು ಓದಿದರೋ, ಬೇಕಾದ್ದು ಸಿಗದೆ ಒದ್ದಾಡಿದರೋ ಅನ್ನುವುದು ನಿಮಿಷದ ಲೆಕ್ಕದಲ್ಲಿ ಗೊತ್ತಾಗುವುದಿಲ್ಲ. ಈ ತಕರಾರು ಇಂಟರ್ನೆಟ್‌ಗಿಂತ ಹಳೆಯದು. ಶುರುವಾಗಿದ್ದು ಗ್ರಂಥಾಲಯದಲ್ಲಿ.

ಓದುಗರ ಸಮಯ ಉಳಿಸಬೇಕು ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಬರೆದಿದ್ದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಗಾಗಿ ಡಿಆರ್‌ಟಿಸಿ ಎಂಬ ಕೇಂದ್ರ ಶುರುಮಾಡಿದವರೂ ಅವರೇ. ಆ ಹೊತ್ತಿಗೆ ಇಂಗ್ಲೆಂಡಿನ ಕ್ರಾನ್‌ಫೀಲ್ಡ್‌ನಲ್ಲಿ ಗ್ರಂಥಪಾಲಕ ಸಿರಿಲ್ ಕ್ಲೆವರ್ಡನ್, ಹುಡುಕಿದ್ದು ನಿಜಕ್ಕೂ ಸಿಗುತ್ತದಾ ಎಂದು ಅಳೆಯಲು ಹೊರಟಿದ್ದರು. 18,000 ಬರಹ, ಅವನ್ನು ಹುಡುಕಲು ನಾಲ್ಕು ಬಗೆಯ ಸೂಚಿ. ಅದರಲ್ಲೊಂದು ರಂಗನಾಥನ್ ವಿಚಾರದಿಂದ ಬಂದದ್ದು. ನಮ್ಮದೇ ಪದ್ಧತಿ ಶ್ರೇಷ್ಠ ಅನ್ನುತ್ತಿದ್ದ ಪಂಡಿತರಿಗೆ ಬೇಸರವಾಗುವಂತೆ, ನಾಲ್ಕರ ನಡುವೆ ಭಾರೀ ಅಂತರವೇನೂ ಕಾಣಲಿಲ್ಲ.

ವೆಬ್ ಬಂದಮೇಲೆ ಎಲ್ಲರೂ ಕ್ಲಿಕ್ ಎಣಿಸತೊಡಗಿದರು. ಮೂರು ಕ್ಲಿಕ್‌ನಲ್ಲಿ ಸಿಗದಿದ್ದರೆ ಜನ ಹೊರಟೇ ಹೋಗುತ್ತಾರಂತೆ! ಸುಮ್ನೆ ಬಾಯಿಂದ ಬಾಯಿಗೆ ಹಬ್ಬಿದ ಮಾತು. ದಾರಿ ಸರಿಯಿದೆ ಅನ್ನಿಸಿದರೆ ಜನ ಐದಾರು ಕ್ಲಿಕ್ ಮಾಡುತ್ತಾರೆ.

1996ರಲ್ಲಿ ಪಿ. ಎ. ಸ್ಮಿತ್ ಎಂಬ ಸಂಶೋಧಕರು ಕೊಟ್ಟ ಅಳತೆ ನನಗೆ ಹೆಚ್ಚು ಇಷ್ಟ. ಅದು ದಾರಿ ತಪ್ಪಿದ್ದನ್ನೇ ಅಳೆಯುತ್ತದೆ. ಮನೆಯ ಖಾತಾ ಬದಲಾವಣೆ ಅರ್ಜಿ ಸಿಗಲು ಮುಖಪುಟವೂ ಸೇರಿ ಮೂರು ಪುಟ ಸಾಕು ಅಂದುಕೊಳ್ಳಿ. ಒಬ್ಬರು ಆರು ಬೇರೆ ಬೇರೆ ಪುಟ ನೋಡಿದರು. ಹಿಂದೆ ಮುಂದೆ ಹೋಗಿದ್ದೂ ಸೇರಿ ಒಟ್ಟು ಹತ್ತು ಸಲ ಪುಟ ತೆರೆದರು. ಆರನ್ನು ಹತ್ತರಿಂದ ಭಾಗಿಸಿದರೆ 0.6, ಒಂದಕ್ಕೆ 0.4 ಕಡಿಮೆ. ಮೂರನ್ನು ಆರರಿಂದ ಭಾಗಿಸಿದರೆ 0.5, ಒಂದಕ್ಕೆ 0.5 ಕಡಿಮೆ. ಈ ಎರಡು ಕೊರತೆಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 0.64. ಸ್ಮಿತ್ ಪ್ರಕಾರ 0.4ರೊಳಗಿದ್ದರೆ ಚಿಂತೆಯಿಲ್ಲ, 0.5 ದಾಟಿದರೆ ಕಳೆದುಹೋದಂತೆ. ಅರ್ಜಿ ಕೊನೆಗೆ ಸಿಕ್ಕಿತು ನಿಜ, ಆದರೆ ಅಲೆದಾಟ ಜಾಸ್ತಿಯಾಯಿತು, ಅಲ್ವಾ?

ಅಲೆದದ್ದು ಎಲ್ಲಿ ಅನ್ನುವುದನ್ನು ಈ ಅಂಕಿ ಹೇಳುವುದಿಲ್ಲ. ಅದಕ್ಕೆ ಆಸ್ಟ್ರೇಲಿಯಾದ ಡೋನಾ ಸ್ಪೆನ್ಸರ್ 2003ರಲ್ಲಿ ಒಂದು ಸರಳ ಉಪಾಯ ಬರೆದರು. ವಿನ್ಯಾಸ, ಬಣ್ಣ, ಹುಡುಕುವ ಪೆಟ್ಟಿಗೆ ಎಲ್ಲ ಬದಿಗಿಟ್ಟು, ಮೆನುವಿನ ಹೆಸರುಗಳನ್ನಷ್ಟೇ ಕಾರ್ಡ್‌ಗಳಲ್ಲಿ ಬರೆದು ಕೊಡಿ. 'ಖಾತಾ ಅರ್ಜಿ ಎಲ್ಲಿರಬಹುದು?' ಎಂದು ಕೇಳಿ. ಬಂದವರೆಲ್ಲ 'ಸೇವೆಗಳು' ಆರಿಸುತ್ತಿದ್ದು, ಅರ್ಜಿ 'ನಾಗರಿಕ ಸನ್ನದು' ಕೆಳಗಿದ್ದರೆ ತಪ್ಪು ಯಾರದು ಎಂದು ಅಲ್ಲೇ ಗೊತ್ತಾಗುತ್ತದೆ. ಇದೇ ಈಗಿನ ಟ್ರೀ ಟೆಸ್ಟ್.

ಈಗಂತೂ ಎಷ್ಟೋ ಜನ ಗೂಗಲ್‌ನಿಂದ ಸೀದಾ ಒಳಪುಟಕ್ಕೇ ಬಂದಿಳಿಯುತ್ತಾರೆ. ಅಂಥವರ ದಾರಿಯನ್ನು ಮುಖಪುಟದಿಂದ ಎಣಿಸಿ ಪ್ರಯೋಜನವಿಲ್ಲ, ಕಾಲಿಟ್ಟ ಪುಟದಿಂದಲೇ ಎಣಿಸಬೇಕು.